ನಾಲ್ಕು ಗಾಡಿ ಮಣ್ಣು

ನಮ್ಮೂರ ಕೆರೆಯ ನಡುವೆ ಒಂದು ದಿಬ್ಬವಿತ್ತು. ಶ್ರೀನಿವಾಸಪುರದ ಕಡೆಯ ಆ ಊರನ್ನು ಬಿಟ್ಟು ನಾವು ಮುಳಬಾಗಿಲಿಗೆ ಬಂದು ಎಷ್ಟೋ ಕಾಲವಾಗಿದ್ದರೂ ಅಪ್ಪನಿಗೆ ನಮ್ಮೂರು ಎಂದರೆ ಅದೇ. ಕೆರೆ ತುಂಬಿದರೆ ದಿಬ್ಬ ದ್ವೀಪವಾಗುತ್ತಿತ್ತು, ಒಣಗಿದರೆ ದನ ಮೇಯುವ ಜಾಗ. ನಮ್ಮ ಕಡೆ ಕೆರೆಗಳು ಒಣಗಿರುವುದೇ ಹೆಚ್ಚು. ಹಾಗಾಗಿ ಅದನ್ನು ದ್ವೀಪವಾಗಿ ಕಂಡವರು ಕಡಿಮೆ. ಕೆರೆ ಕಟ್ಟುವುದಕ್ಕೂ ಬಹಳ ಹಿಂದೆ ಅಲ್ಲೊಂದು ಊರಿತ್ತಂತೆ. ಬೂದಿ ಬಣ್ಣದ ಮಣ್ಣು, ಕೆದಕಿದಲ್ಲೆಲ್ಲ ಹೊರಗೆ ಕೆಂಪು, ಒಳಗೆ ಕಪ್ಪು ಬಣ್ಣದ ಮಡಕೆ ಚೂರು. ಜನ ಅದನ್ನು ಹಾಳೂರ ದಿಬ್ಬ ಎನ್ನುತ್ತಿದ್ದರು.

ಅಪ್ಪ ಲೆಕ್ಕ ಬರೆದು ಬದುಕಿದವರು. ಎಪ್ಪತ್ತರ ದಶಕದ ಕೊನೆಗೆ ನಿವೃತ್ತರಾದ ಮೇಲೆ ಒಮ್ಮೆ ಕಾಲೇಜು ಮೇಷ್ಟರೊಬ್ಬರ ಭಾಷಣ ಕೇಳಿ ಬಂದರು. ಇಂಥ ದಿಬ್ಬಗಳೆಲ್ಲ ಎರಡು ಸಾವಿರ ವರ್ಷದ ಹಿಂದಿನ ಊರುಗಳಂತೆ. ಅಂದಿನಿಂದ ಅದೇ ಗೀಳು. ಗೋಡೆಯ ಸಾಲು ಕಾಣುತ್ತದಂತೆ, ಒಲೆಯ ಗುರುತು ಇರುತ್ತದಂತೆ ಎಂದು ಊಟಕ್ಕೆ ಕೂತಾಗಲೆಲ್ಲ ಶುರು ಮಾಡುತ್ತಿದ್ದರು. ಹೋಗಿ ನೋಡಿ ಬನ್ನಿ ಎಂದರೆ, ದಿಬ್ಬ ಎಲ್ಲಿಗೆ ಓಡಿಹೋಗುತ್ತೆ ಎನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ, ಅಷ್ಟೆ.

ಆಮೇಲೆ ಕಣ್ಣು ಮಂಜಾಯಿತು. ಕೋಲಾರದ ಡಾಕ್ಟರು ನೋಡಿ, ಇದು ಪೊರೆಯಲ್ಲ, ಆಪರೇಷನ್ನಿಗೆ ಬಗ್ಗುವುದಿಲ್ಲ, ಉಳಿದ ನೋಟವೂ ನಿಧಾನವಾಗಿ ಹೋಗುತ್ತದೆ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನ ಕಡೆ ತಿರುಗಿದರು.

"ಹಾಳೂರು ಒಂದ್ಸಲ ನೋಡ್ಬಿಡ್ತೀನಿ ಕಣಮ್ಮ. ಆಮೇಲೆ ಕಣ್ಣು ಹೋದ್ರೆ ಹೋಗ್ಲಿ."

ನನಗೆ ಅಳು ಬರಬೇಕಿತ್ತು, ಬಂದಿದ್ದು ಸಿಟ್ಟು. ಕೆರೆ ಒಣಗಿದ್ದಷ್ಟು ವರ್ಷ ಚಪ್ಪಲಿ ಮೆಟ್ಟಿಕೊಂಡು ನಡೆದೇ ಹೋಗಬಹುದಿತ್ತು. ಆಗ ಹೋಗದವರಿಗೆ, ಕೆರೆ ಕೋಡಿ ಬಿದ್ದ ವರ್ಷವೇ ಹೋಗಬೇಕಾಯಿತು. ವಾರವೆಲ್ಲ ಶಾಲೆಯಲ್ಲಿ ಪಾಠ ಹೇಳಿ ಗಂಟಲು ಹರಿದುಕೊಳ್ಳುವ ನನಗಿದ್ದದ್ದು ಒಂದು ಭಾನುವಾರ. ಬಟ್ಟೆ ಒಗೆಯುವುದಕ್ಕೂ ಅದೇ, ಬೆನ್ನು ನೆಲಕ್ಕೆ ಹಾಕುವುದಕ್ಕೂ ಅದೇ. ಅದನ್ನೂ ಕೊಟ್ಟೆ.

ನಮ್ಮ ಹೊಲವನ್ನು ವಾರಕ್ಕೆ, ಬೆಳೆಯಲ್ಲಿ ಪಾಲು ಕೊಟ್ಟು, ಮಾಡುತ್ತಿದ್ದ ರೈತ ಕೆರೆ ಏರಿಯ ಹತ್ತಿರ ಕಾಯುತ್ತಿದ್ದ. ದೋಣಿ ಎಲ್ಲಿಂದ ತರುತ್ತಾನೆ ಪಾಪ, ಆಲೆಮನೆಯಿಂದ ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನೇ ಉರುಳಿಸಿಕೊಂಡು ಬಂದು ನೀರಿಗಿಳಿಸಿದ್ದ. ಅವನ ಮನೆಮಾತು ತೆಲುಗು. "ಅಕ್ಕಡ ಏಮೀ ಲೇದು ಸಾಮಿ," ಅಲ್ಲೇನೂ ಇಲ್ಲ ಎಂದು ಮೊದಲೇ ಹೇಳಿದ. ಅಪ್ಪ ಕೇಳಿಸಿಕೊಳ್ಳದವರಂತೆ ಪಂಚೆ ಎತ್ತಿ ಕಟ್ಟಿ ಕೊಪ್ಪರಿಗೆಯೊಳಗೆ ಕುಕ್ಕರಗಾಲಲ್ಲಿ ಕೂತರು. ಬೇಯಿಸಲು ಇಳಿಸಿದ ಕುಂಬಳಕಾಯಿಯಂತೆ ಕಂಡರು. ನಗಲೂ ಶಕ್ತಿಯಿಲ್ಲದೆ ನಾನೂ ಎದುರಿಗೆ ಕೂತೆ. ರೈತ ಬಿದಿರ ಗಳು ಹಾಕಿ ತಳ್ಳಿದ.

ಇಳಿದಾಗ ನನಗೇ ಗುರುತು ಸಿಗಲಿಲ್ಲ. ಚಿಕ್ಕಂದಿನಲ್ಲಿ ಏದುಸಿರು ಬಿಡುತ್ತ ಹತ್ತಿದ ದಿಬ್ಬ ನೀರಿನಿಂದ ಮೊಳದಷ್ಟು ಮೇಲಿತ್ತು. ಗುಂಡಿಗಳು, ಜಾಲಿ ಮುಳ್ಳು, ಗಟ್ಟಿ ಗರಸು. ಬೂದಿ ಮಣ್ಣು ಹಿಡಿಯಷ್ಟೂ ಇರಲಿಲ್ಲ. ಅಪ್ಪ ಕೋಲಿನಿಂದ ನೆಲ ಕುಟ್ಟುತ್ತ ಸುತ್ತ ಒಂದು ಬಾರಿ ನಡೆದು, ದಿಬ್ಬ ಎಲ್ಲಿ ಎಂದು ಕೇಳಿದರು. ಅದರ ಮೇಲೇ ನಿಂತಿದ್ದೀರಿ ಎಂದೆ.

ರೈತ ಮುಚ್ಚುಮರೆಯಿಲ್ಲದೆ ಹೇಳಿದ. ಹಾಳೂರಿನ ಮಣ್ಣಿಗೆ ಪಾಟಿಮಣ್ಣು ಅಂತಾರೆ, ಅದಕ್ಕೆ ಸಮನಾದ ಗೊಬ್ಬರವಿಲ್ಲ, ಹಾಕಿದ ಹೊಲದಲ್ಲಿ ರಾಗಿ ಸೊಂಟದ ಮಟ್ಟ ಬರುತ್ತೆ. ಕೆರೆ ಒಣಗಿದ ಬೇಸಿಗೆಯಲ್ಲೆಲ್ಲ ಸುತ್ತಲ ಊರಿನ ಗಾಡಿಗಳು ಬರುತ್ತಿದ್ದವು. ಇಷ್ಟೊಂದು ಹೊತ್ತವರು ಯಾರು ಎಂದು ಅಪ್ಪ ಗದರಿದರು.

"ಯಾರೂ ಜಾಸ್ತಿ ತಗಳ್ಳಿಲ್ಲ ಸಾಮಿ. ಎಲ್ರೂ ನಾಲ್ಕ್ ನಾಲ್ಕೇ ಗಾಡಿ. ತಾವೂ ಅಷ್ಟೇ ಹೇಳ್ತಿದ್ದಿದ್ದು."

ನನಗೂ ನೆನಪಾಯಿತು. ಪ್ರತಿ ವರ್ಷ ಬಿತ್ತನೆಗೆ ಮುಂಚೆ ಅಪ್ಪ ಜಗಲಿಯಲ್ಲಿ ಕೂತು ಇವನಿಗೆ ಹೇಳುತ್ತಿದ್ದರು: ನಾಲ್ಕೇ ಗಾಡಿ ಹೊಡೆಸು, ದುರಾಸೆ ಬೇಡ. ತಾನು ಹೆಚ್ಚು ಬಯಸುವವನಲ್ಲ ಎಂಬ ಹೆಮ್ಮೆಯಿತ್ತು ಅವರಿಗೆ. ಸುತ್ತಲ ಊರುಗಳ ಯಜಮಾನರೆಲ್ಲ ತಂತಮ್ಮ ಜಗಲಿಯಲ್ಲಿ ಅದೇ ಮಾತು ಹೇಳಿರಬೇಕು. ಭಾಷಣ ಕೇಳಿದ ಮೇಲೆ ಅಪ್ಪ ನಿಲ್ಲಿಸಿದ್ದೇನೋ ನಿಜ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು.

ಸದ್ಯ ಮುಗಿಯಿತಲ್ಲ, ಮನೆಗೆ ಹೋಗಬಹುದು ಎಂದು ನನಗೆ ಮೊದಲು ಅನ್ನಿಸಿತು. ಆಮೇಲೆ ಅಪ್ಪನ ಮುಖ ನೋಡಿ, ಕೈ ಹಿಡಿದು ಕೊಪ್ಪರಿಗೆಗೆ ಇಳಿಸಿದೆ.

ದಡಕ್ಕೆ ಬಂದವರು ಬಸ್ಸಿಗೆ ಹೊರಡಲಿಲ್ಲ, ಹೊಲಕ್ಕೆ ಕರೆದುಕೊಂಡು ಹೋಗು ಎಂದರು. ರಾಗಿ ಕೊಯ್ದು ಬರೀ ಕೂಳೆ ಉಳಿದಿತ್ತು. ಬದುವಿನ ಮೇಲೆ ಕೂತು ಮಣ್ಣಿಗೆ ಕೈ ಹಾಕಿದರು. ಸಿಕ್ಕಿದ ಚೂರನ್ನು ಕಣ್ಣಿಗೆ ಒತ್ತಿಕೊಳ್ಳುವಷ್ಟು ಹತ್ತಿರ ಹಿಡಿದು ನೋಡಿದರು. ಹೊರಗೆ ಕೆಂಪು, ಒಳಗೆ ಕಪ್ಪು. ಆ ಹೊಲದ ತುಂಬ ಅದೇ. ಕಳೆ ಕೀಳುವವರ ಕಾಲಿಗೆ ಚುಚ್ಚುತ್ತವೆಂದು ನಾವು ಊರಲ್ಲಿದ್ದಾಗ ಅಮ್ಮ ಅವನ್ನು ಆರಿಸಿ ಬದುವಿಗೆ ಹಾಕಿಸುತ್ತಿದ್ದಳು.

"ಊರು ಇಲ್ಲೇ ಇದೆ ಕಣಮ್ಮ. ಇಷ್ಟು ವರ್ಷ ನಾವೇ ಉಂಡಿದೀವಿ."

ಮುಂದಿನ ಸುಗ್ಗಿಯ ಹೊತ್ತಿಗೆ ಕಣ್ಣು ಪೂರ್ತಿ ಹೋಯಿತು. ಊರಿಂದ ರಾಗಿ ಬಂದಾಗ ನಾನು ಮೊರದಲ್ಲಿ ಕೇರುತ್ತ ಕೂತರೆ ಪಕ್ಕದಲ್ಲಿ ಬಂದು ಕೂರುತ್ತಿದ್ದರು, ಅಂಗೈ ಚಾಚಿಕೊಂಡು. ಕಲ್ಲು ಸಿಕ್ಕರೆ ಎಸೆಯುವಂತಿರಲಿಲ್ಲ, ಅವರ ಕೈಗೆ ಹಾಕಬೇಕು. ಹೆಬ್ಬೆರಳಲ್ಲಿ ಉಜ್ಜಿ, ಕಲ್ಲಾದರೆ ಬಿಸಾಡಿ, ಅನುಮಾನ ಬಂದದ್ದನ್ನು ನನ್ನ ಕಡೆ ಹಿಡಿಯುತ್ತಿದ್ದರು.

"ಒಳಗೆ ಕಪ್ಪಿದ್ಯಾ ನೋಡಮ್ಮ."

ನಾನು ಮೊರದಿಂದ ತಲೆ ಎತ್ತದೆ, ಇದೆ ಅಪ್ಪ, ಎನ್ನುತ್ತಿದ್ದೆ.