ಮನೆಯವರ ಖರ್ಚಿಗೆ ನಾನು ಹಾಕಿದ ಕತ್ತರಿ

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಜಾಗೀರುಗಳು ರದ್ದಾದವು. ಅವುಗಳ ಜೊತೆ ನಾನೂ ರದ್ದಾದೆ. ಚಿತ್ತಾಪುರದ ಕಡೆಯ ಒಂದು ಜಾಗೀರಿನ ಕಚೇರಿಯಲ್ಲಿ ಉರ್ದು ಕಾರಕೂನನಾಗಿದ್ದೆ. ನನ್ನ ಉರ್ದು ಬರಹವನ್ನು ಎಲ್ಲರೂ ಹೊಗಳುತ್ತಿದ್ದರು. ಹೊಸದಾಗಿ ಬಂದ ಅಧಿಕಾರಿಯೂ ಹೊಗಳಿಯೇ ಮನೆಗೆ ಕಳಿಸಿದರು.

ಅಂದು ಸಂಜೆಯೇ ಅವ್ವನನ್ನೂ ಹೆಂಡತಿಯನ್ನೂ ಪಡಸಾಲೆಯಲ್ಲಿ ಕೂರಿಸಿ, ಇನ್ನು ಕೈ ಬಿಗಿ ಹಿಡಿದು ಬಾಳಬೇಕೆಂದು ಭಾಷಣ ಮಾಡಿದೆ. ಮೊದಲ ಕತ್ತರಿ ಅವ್ವನ ಎಲೆಅಡಿಕೆಗೆ ಬಿತ್ತು. ಹಲ್ಲು ಹಾಳಾಗುತ್ತವೆ ಎಂದು ಕಾರಣ ಕೊಟ್ಟೆ. ಅವ್ವನಿಗೆ ಉಳಿದಿದ್ದವು ನಾಲ್ಕೇ ಹಲ್ಲು. ಆಮೇಲೆ ಹೆಂಡತಿಯ ತಲೆಗೆಣ್ಣೆ ನಿಂತಿತು, ಹಾಲು ನಿಂತಿತು. ಇಬ್ಬರೂ ಎದುರಾಡಲಿಲ್ಲ. ಮನೆ ನಡೆಸುವುದು ಇಷ್ಟು ಸುಲಭವೇ ಎಂದು ನನಗೆ ನನ್ನ ಮೇಲೆಯೇ ಗೌರವ ಹುಟ್ಟಿತು.

ನನ್ನ ಶೇರವಾನಿ ಮಾತ್ರ ಪ್ರತಿ ವಾರ ಇಸ್ತ್ರಿಗೆ ಹೋಗುತ್ತಿತ್ತು. ಅದು ಖರ್ಚಲ್ಲ, ಮರ್ಯಾದೆ. ದಿನವೂ ರೈಲು ಹತ್ತಿ ವಾಡಿಗೆ ಹೋಗಿ, ಸ್ಟೇಷನ್ನಿನಲ್ಲಿ ಚಹಾ ಕುಡಿಯುತ್ತ, ಸಿಗರೇಟು ಸೇದುತ್ತ ಕೂರುತ್ತಿದ್ದೆ. ಅದೂ ಖರ್ಚಲ್ಲ, ನೌಕರಿಯ ಪ್ರಯತ್ನ. ದೊಡ್ಡವರೆಲ್ಲ ಅಲ್ಲಿಯೇ ಗಾಡಿ ಬದಲಿಸುತ್ತಾರೆ, ಯಾರಾದರೊಬ್ಬರು ಗುರುತು ಹಿಡಿದಾರು ಎಂದು ನಂಬಿದ್ದೆ. ಎರಡು ತಿಂಗಳು ಅವರು ಗಾಡಿ ಬದಲಿಸಿದರು. ನನ್ನ ದೆಸೆ ಬದಲಾಗಲಿಲ್ಲ.

ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ತಲೆ ಎತ್ತದೆ ಕೇಳಿದಳು: "ಅತ್ತಿಯವರು ಎಲಿ ಬಿಟ್ರು, ನಾ ಎಣ್ಣಿ ಬಿಟ್ಟೆ. ನೀವೇನು ಬಿಟ್ಟೀರಿ?"

"ನೌಕರಿ" ಎಂದೆ.

"ಅದನ್ನ ನೀವು ಬಿಟ್ಟಿಲ್ರಿ. ಅದು ನಿಮ್ಮನ್ನ ಬಿಟ್ಟದ."

ಒಳಗಿನ ಕೋಣೆಯಿಂದ ಅವ್ವ ನಕ್ಕದ್ದು ಕೇಳಿಸಿತು. ಮರುದಿನ ವಾಡಿಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ನಾನು ಕಾಣಲಿಲ್ಲವೆಂದು ಯಾವ ದೊಡ್ಡವರೂ ಗಾಬರಿಯಾದ ಸುದ್ದಿ ಬರಲಿಲ್ಲ.

ಅದೇ ವಾರ ರಾವೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯ ಗುತ್ತಿಗೆದಾರನಿಗೆ ಕನ್ನಡದಲ್ಲಿ ಪತ್ರ ಬರೆಯುವವನೊಬ್ಬ ಬೇಕಾಗಿದ್ದಾನೆಂದು ತಿಳಿಯಿತು. ಹುಟ್ಟಿದಾಗಿನಿಂದ ಕನ್ನಡ ಆಡಿದವನು ನಾನು, ಬರೆಯಲು ಬರುತ್ತಿದ್ದುದು ನನ್ನ ಹೆಸರು ಮಾತ್ರ. ಹೆಂಡತಿ ಶಾಲೆಗೆ ಹೋದವಳಲ್ಲ. ವಚನ ಓದಲೆಂದು ಅವಳಪ್ಪ ಮನೆಯಲ್ಲೇ ಅಕ್ಷರ ಕಲಿಸಿದ್ದ. ಹೀಗಾಗಿ, ಉರ್ದು ಬಲ್ಲ ಈ ಪಂಡಿತರು ಒಲೆಯ ಮುಂದೆ ಪಾಟಿ ಬಳಪ ಹಿಡಿದು ಕುಳಿತರು. ಅವಳು ಹಿಟ್ಟಿನ ಕೈಯಲ್ಲೇ ತಪ್ಪು ತೋರಿಸುತ್ತಿದ್ದಳು.

"ಇದರ ತಲಿಕಟ್ಟು ಎಲ್ಲದರಿ?" ಎಂದಳೊಮ್ಮೆ. "ಉಳಿತಾಯ ಅಂತ ಅದನ್ನೂ ಬಿಟ್ಟೀರೇನು?"

ಸಿಟ್ಟು ಬಂತು. ಸಿಟ್ಟಿಗೇಳಲು ಗುರುಗಳ ಅಪ್ಪಣೆ ಇರಲಿಲ್ಲ. ತಲೆಕಟ್ಟು ಹಾಕಿದೆ.

ತಿಂಗಳು ಕಳೆದ ಮೇಲೆ, ಆ ಜಾಗ ಇನ್ನೂ ಖಾಲಿ ಇದೆಯೆಂದು ಕೇಳಿ, ಶೇರವಾನಿಯನ್ನು ಗೂಟದಲ್ಲೇ ಬಿಟ್ಟು, ಅಂಗಿ ಧೋತರದಲ್ಲಿ ರಾವೂರಿಗೆ ಹೋದೆ. ಗುತ್ತಿಗೆದಾರ ನಾಲ್ಕು ಸಾಲು ಬರೆಸಿ, ಎರಡು ಸಲ ಓದಿಸಿ ಕೇಳಿ, ನಾಳೆಯಿಂದ ಬರಲು ಹೇಳಿದ. ಊರಿನಲ್ಲಿ ಕೇಳಿದವರಿಗೆಲ್ಲ ದಫ್ತರದಲ್ಲಿದ್ದೇನೆ ಎನ್ನುತ್ತಿದ್ದೆ. ಆ ಕಚೇರಿಯೆಂದರೆ ಬೇವಿನ ಮರದ ಕೆಳಗಿನ ಒಂದು ಹಾಸುಗಲ್ಲು. ಅದರ ಮೇಲೆ ಕುಳಿತು, ಧೂಳಿನಲ್ಲಿ ಕೆಮ್ಮುತ್ತ, ಕಲ್ಲು ಒಡೆಯುವವರ ಜೊತೆ ಬುತ್ತಿ ಬಿಚ್ಚಿದ ಮೊದಲ ದಿನ ಮೂರು ರೊಟ್ಟಿ ತಿಂದೆ. ಅಷ್ಟು ತಿಂದು ಎಷ್ಟೋ ದಿನಗಳಾಗಿದ್ದವು.