ಕೊನೆಯ ಬಾತು ದಾಟುವವರೆಗೆ

ಹೋದ ವಾರ ನಮ್ಮ ಅಂಗಡಿಯ ಅಟ್ಟದಲ್ಲಿ ಪಂಪ್‌ಸೆಟ್ಟಿನ ಹಳೇ ಸಾಮಾನು ಹುಡುಕುವಾಗ ಹಸಿರು ಬಟ್ಟೆಯ ಗಂಟೊಂದು ಕೈಗೆ ಸಿಕ್ಕಿತು. ಬಿಚ್ಚಿದರೆ ದುರ್ಬೀನು. ಬಟ್ಟೆಯಲ್ಲಿ ಇನ್ನೂ ಸೀಮೆಎಣ್ಣೆಯ ವಾಸನೆ. ರೈಲಿಗೆ ತೋರಿಸುವ ಹಸಿರು ಬಾವುಟ ಅದು. ಬೀರೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಗಾರ್ಡ್ ಸಾರ್ ಅವರದು.

ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಮಾತು ಕಡಿಮೆ, ಹಟ ಜಾಸ್ತಿ. ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಕೂತು ಕೂತು ಎಲ್ಲವನ್ನೂ ಹಿಂದಿನಿಂದ ನೋಡುವ ಅಭ್ಯಾಸ ಬಂದುಬಿಟ್ಟಿತ್ತು. ಬೀದಿಯಲ್ಲಿ ಮೆರವಣಿಗೆ ಬಂದರೂ ಮುಂದಿನ ವಾದ್ಯದವರನ್ನು ಬಿಟ್ಟು, ಕೊನೆಯಲ್ಲಿ ಚಪ್ಪಲಿ ಎಳೆದುಕೊಂಡು ಬರುವವರನ್ನೇ ನೋಡುತ್ತಿದ್ದರು. ಕೊನೆಯ ಡಬ್ಬಿ ದಾಟದೆ ಗಾಡಿ ಹೋಯಿತೆನ್ನಬಾರದು ಎಂಬುದು ಅವರ ಕಾನೂನು.

ಚಳಿಗಾಲದಲ್ಲಿ ಊರಾಚೆಯ ಕೆರೆಗೆ ಪಟ್ಟೆ ಬಾತುಗಳು ಬರುತ್ತವೆ. ಬಿಳಿ ತಲೆಯ ಮೇಲೆ ಎರಡು ಕರಿ ಪಟ್ಟೆ. ಹಿಮಾಲಯದ ಆಚೆಯಿಂದ ಬರುವ ಹಕ್ಕಿ. ನಿವೃತ್ತರಾದ ಮೊದಲ ವರ್ಷ ಒಂದು ಬೆಳಿಗ್ಗೆ ಬಾತುಗಳು ಅಜ್ಜಂಪುರದ ಕಡೆ, ಅಂದರೆ ಉತ್ತರಕ್ಕೆ ಹಾರಿದ್ದನ್ನು ಕಂಡು, ಊರಿಗೆ ಹೊರಟವು ಎಂದುಕೊಂಡು ಗಾರ್ಡ್ ಸಾರ್ ಕೆರೆ ಏರಿಯ ಮೇಲೆ ನಿಂತು ಹಸಿರು ಬಾವುಟ ಬೀಸಿದರು. ಸಂಜೆ ಅಷ್ಟೂ ವಾಪಸ್ ಬಂದವು. "ಸಾರ್, ನಿಮ್ಮ ಗಾಡಿ ರಿವರ್ಸ್ ಬಂತಲ್ರೀ" ಎಂದು ಟೀ ಅಂಗಡಿಯವನು ಆ ಚಳಿಗಾಲವಿಡೀ ಕಾಡಿದ.

ಅಲ್ಲಿಂದ ದುರ್ಬೀನು ಬಂತು, ಪುಸ್ತಕ ಬಂತು. ಬಾತು ಹಾರುವ ದಿಕ್ಕಿಗೂ ಅದರ ಊರಿಗೂ ದಿನಾ ಸಂಬಂಧವಿರುವುದಿಲ್ಲ ಎಂದು ಅವರಿಗೆ ಅರ್ಥವಾಯಿತು. "ಅಜ್ಜಂಪುರದ ಕಡೆ ಕಡ್ಲೆ ಹೊಲಕ್ಕೆ ಮೇಯಕ್ಕೆ ಹೋಗ್ತವೆ ಕಣಪ್ಪಾ. ಮೇಯಕ್ಕೆ ಹೋಗೋದು ಬೇರೆ, ಊರಿಗೆ ಹೋಗೋದು ಬೇರೆ" ಎಂದು ನನಗೂ ಪಾಠ ಮಾಡಿದರು. ಅವು ನಿಜವಾಗಿ ಹೊರಡುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಆಸೆ. ಪ್ರತಿ ವರ್ಷ ಒಂದು ದಿನ ಕೆರೆ ಸುಮ್ಮನೆ ಖಾಲಿಯಾಗಿರುತ್ತಿತ್ತು…

ಒಂದು ಚಳಿಗಾಲ ಆ ಏರಿಯ ಮೇಲೆಯೇ ತಲೆ ಸುತ್ತಿ ಬಿದ್ದರು. ದಾವಣಗೆರೆಯಲ್ಲಿದ್ದ ತಂಗಿ ಓಡಿ ಬಂದು, ಇನ್ನು ಒಬ್ಬನೇ ಇರುವುದು ಬೇಡ, ನನ್ನ ಜೊತೆ ಬಾ ಎಂದು ಪಟ್ಟು ಹಿಡಿದು ಕೂತರು. "ಬಾತು ಊರಿಗೆ ಹೋಗ್ಲಿ, ಆಮೇಲೆ ಬತ್ತೀನಿ" ಎಂದು ಇವರು ಮಾತು ಕೊಟ್ಟು ತಪ್ಪಿಸಿಕೊಂಡರು. ಇವರ ಮಾತಿನ ಮೇಲೆ ನಂಬಿಕೆಯಿಲ್ಲದ ತಂಗಿ ನನಗೆ ಫೋನ್ ಮಾಡುತ್ತಿದ್ದರು. "ಹೋದ್ವೇನಪ್ಪಾ ಆ ಹಾಳು ಹಕ್ಕಿ?"

ಶಿವರಾತ್ರಿ ಹತ್ತಿರ ಬಂದಾಗ ತಂಗಿ ತಾವೇ ಬಂದರು. ಅವತ್ತು ಕೆರೆಯಲ್ಲಿ ಒಂದೂ ಬಾತು ಇರಲಿಲ್ಲ. ಬೆಳಿಗ್ಗೆ ಎಲ್ಲವೂ ಉತ್ತರಕ್ಕೆ ಹಾರಿದ್ದವು.

"ಮೇಯಕ್ಕೆ ಹೋಗವೆ ಕಣೇ, ಸಂಜೆಗೆ ಬತ್ತವೆ" ಎಂದರು ಗಾರ್ಡ್ ಸಾರ್.

"ಬರದೇ ಇದ್ರೆ?"

"ಬರದೇ ಇದ್ರೆ ನಾಳೆ ಬೆಳಗ್ಗೆ ಗಾಡಿಗೆ ನಾನೂ ಬತ್ತೀನಿ."

ಸಂಜೆ ಮೂವರೂ ಏರಿಯ ಮೇಲೆ ಕೂತೆವು. ಹೊತ್ತು ಮುಳುಗಿತು. ಅಜ್ಜಂಪುರದ ಕಡೆಯ ಆಕಾಶದಲ್ಲಿ ಏನೂ ಇಲ್ಲ. ಅಷ್ಟರಲ್ಲಿ ಕಡೂರಿನ ಕಡೆಯಿಂದ ದೊಡ್ಡ ಕಪ್ಪು ಹಕ್ಕಿಗಳ ಸಾಲೊಂದು ಬಂತು. ಮೊದಲು ಕಂಡದ್ದು ತಂಗಿಗೇ. "ಬಂದ್ವಲ್ಲೋ ಅಣ್ಣ! ನೀನೇ ಗೆದ್ದೆ ಬಿಡು" ಎಂದು ಸೀರೆ ಕೊಡವಿಕೊಂಡು ಎದ್ದೇಬಿಟ್ಟರು. ನನಗೆ ಒಳಗೊಳಗೇ ಖುಷಿ. ಗಾರ್ಡ್ ಸಾರ್ "ಹೂಂ" ಎಂದಿದ್ದರೆ ಸಾಕಿತ್ತು. ಆದರೆ ಗಾಳಿ ಬಂದಾಗ ತೂರಿಕೊಳ್ಳುವ ಜನವಲ್ಲ ಅವರು. ದುರ್ಬೀನು ಹಿಡಿದು ಕೊನೆಯ ಹಕ್ಕಿ ದಾಟುವವರೆಗೂ ನೋಡಿದರು.

"ನೀರುಕಾಗೆ" ಎಂದರು. "ಬಾತು ಕೂಗ್ತಾ ಬತ್ತವೆ. ಇವು ಬಾಯೇ ಬಿಡಲಿಲ್ಲ. ನಡಿ, ಬಟ್ಟೆಬರೆ ಕಟ್ಟಬೇಕು."

ನನಗೆ ಸಿಟ್ಟೇ ಬಂತು. ಕೇಳಿದವರ್ಯಾರು ಇವರನ್ನು?

ಬೆಳಿಗ್ಗೆ ಸ್ಟೇಷನ್ನಿನಲ್ಲಿ ದುರ್ಬೀನನ್ನು ಬಾವುಟದಲ್ಲಿ ಸುತ್ತಿ ನನ್ನ ಕೈಗಿಟ್ಟರು. ದಾವಣಗೆರೆಯ ಗಾಡಿ ಅಜ್ಜಂಪುರದ ಮೇಲೆಯೇ ಹೋಗುತ್ತದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತೋ ಇಲ್ಲವೋ…

ಅದರ ಮಾರನೆಯ ದಿನ ಬಾತುಗಳು ಬಂದವು. ಹೋದದ್ದು ಉತ್ತರಕ್ಕೆ, ಬಂದದ್ದು ದಕ್ಷಿಣದಿಂದ. ತಲೆಯ ಪಟ್ಟೆ ನೋಡಿ ಖಾತ್ರಿ ಮಾಡಿಕೊಂಡು ಏರಿಯ ಮೇಲಿಂದಲೇ ಫೋನ್ ಮಾಡಿದೆ.

"ಯಾವ ಕಡೆಯಿಂದ ಬಂದ್ವು?" ಎಂದು ಕೇಳಿದರು.

"ಕಡೂರ್ ಕಡೆಯಿಂದ ಸಾರ್."

"ಹಂಗಾ… ಯಾವ್ದೋ ಬೇರೆ ಕೆರೇಲಿ ಮಲಗಿದ್ದು ಸುತ್ತಿ ಬಂದವೆ."

"ನೀವೂ ಬಂದ್ಬಿಡಿ ಸಾರ್. ಅವು ಹೋಗೇ ಇರಲಿಲ್ಲ. ನಿಮ್ಮ ಮಾತಿನ ಪ್ರಕಾರ ನೀವೇ ಸರಿ."

"ಸಂಜೆಗೆ ಬರದೇ ಇದ್ರೆ ಅಂದಿದ್ನಲ್ಲಪ್ಪಾ. ಸಂಜೆಗೆ ಬರಲಿಲ್ಲ. ಲೇಟು, ಅಷ್ಟೇ… ಕ್ಯಾನ್ಸಲ್ ಆಗಿರಲಿಲ್ಲ."

ಆ ವರ್ಷದ ಶ್ರಾವಣದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಹೋಗಿ ಬಂದೆ. ಬಾತುಗಳು ಹೊರಡುವುದನ್ನು ಅವರೂ ನೋಡಲಿಲ್ಲ, ಇಷ್ಟು ವರ್ಷದಲ್ಲಿ ನಾನೂ ನೋಡಿಲ್ಲ.

ನಿನ್ನೆ ಸಂಜೆ ದುರ್ಬೀನು ತೆಗೆದುಕೊಂಡು ಏರಿಗೆ ಹೋದೆ. ಒಂದು ಗಾಜಿಗೆ ಬೂಷ್ಟು ಹಿಡಿದಿದೆ, ಒಂದೇ ಕಣ್ಣಲ್ಲಿ ನೋಡಬೇಕು. ಬಾತುಗಳು ಈ ಸಲ ತರೀಕೆರೆಯ ಕಡೆಯಿಂದ ಬಂದವು. ಅತ್ತ ಏನು ಮೇವಿತ್ತೋ, ಕೇಳೋಣವೆಂದರೆ ಅವರಿಲ್ಲ. ಅವರಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕತ್ತಲಾಗುತ್ತಿತ್ತು, ಮನೆಯಿಂದ ಎರಡು ಸಲ ಫೋನ್ ಬಂತು. ಒಂದು ಬಾತು ಬಹಳ ಹಿಂದೆ ಉಳಿದಿತ್ತು. ಅದು ಬಂದು ನೀರಿಗಿಳಿದ ಮೇಲೆ ಮನೆಗೆ ಹೊರಟೆ.