ಚರಿಗೆಯೊಳಗಿನ ದನಿ

ಮೊನ್ನೆ ರೊಟ್ಟಿ ಬಡಿಯುತ್ತಿದ್ದೆ. ಫೋನಿನಲ್ಲಿ ವಾರ್ತೆ ಹಚ್ಚಿದ್ದೆ, ಬಡಿತದ ಸಪ್ಪಳದಲ್ಲಿ ಒಂದಕ್ಷರ ಕೇಳಿಸಲೊಲ್ಲದು. ಹಿಟ್ಟಿನ ಕೈಯಲ್ಲೇ ಎರಡು ಬೆರಳಿನಿಂದ ಫೋನ್ ಎತ್ತಿ ಪಕ್ಕದ ಖಾಲಿ ಚರಿಗೆಯೊಳಗೆ ನಿಲ್ಲಿಸಿದೆ. ಸ್ಟೀಲಿನ ಚರಿಗೆ, ದನಿ ಒಮ್ಮೆಲೇ ದೊಡ್ಡದಾಗಿ ಅಡುಗೆಮನೆ ತುಂಬ ಹರಡಿತು. ಆಮೇಲೆ ವಾರ್ತೆಯವರು ಏನು ಹೇಳಿದರೋ ನನಗೆ ತಿಳಿಯಲಿಲ್ಲ. ತವೆಯ ಮೇಲಿನ ರೊಟ್ಟಿ ಹೊತ್ತಿದ್ದೂ ತಿಳಿಯಲಿಲ್ಲ... ಈ ಉಪಾಯ ಕಲಿಸಿಕೊಟ್ಟವರು ನಮ್ಮ ಎದುರುಮನೆಯ ಕಾಕು.

ನನಗೆ ಅವರು ಸಂಬಂಧಿಕರಲ್ಲ. ಸಿಂದಗಿಯ ನಮ್ಮ ಓಣಿಗೆಲ್ಲ ಅವರು ಕಾಕು, ಅವರ ಯಜಮಾನರು ಕಾಕಾ. ಸಾಲೋಟಗಿಯಿಂದ ಸೊಸೆಯಾಗಿ ಬಂದವರು. ಕಾಕಾಗೆ ಬಸ್ ಡಿಪೋದಲ್ಲಿ ಕೆಲಸ; ಒಬ್ಬಳೇ ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದರು. ಕಾಕುವಿಗೆ ಗೊತ್ತಿದ್ದ ಯಾವುದನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಸ್ವಭಾವವಿರಲಿಲ್ಲ. ಜೋಳದ ಡಬ್ಬಿಗೆ ಬೇವಿನ ಎಲೆ ಹಾಕುವುದಾದರೆ ಪೂರ್ತಿ ಒಣಗಿಸಿ ಹಾಕಬೇಕು, ಹಸಿ ಎಲೆ ಹಾಕಿದರೆ ಜೋಳವೇ ಬೂಷ್ಟು ಹಿಡಿಯುತ್ತದೆ. ಕರೆಂಟ್ ಹೋದರೆ ಫೋನಿನ ದೀಪ ಹಚ್ಚಿ ಅದರ ಮೇಲೆ ನೀರು ತುಂಬಿದ ಬಾಟಲಿ ಇಡಬೇಕು, ಕೋಣೆಯೆಲ್ಲ ಬೆಳಕಾಗುತ್ತದೆ. ಇಂಥವನ್ನೆಲ್ಲ ಬೆಳಗಾಗುತ್ತಲೇ ಓಣಿಯ ವಾಟ್ಸಾಪ್ ಗುಂಪಿಗೆ ಹೇಳಿ ಕಳಿಸುತ್ತಿದ್ದರು. ಅಕ್ಷರ ಒತ್ತುತ್ತ ಕೂಡುವ ತಾಳ್ಮೆ ಅವರಿಗಿರಲಿಲ್ಲ, ಏನಿದ್ದರೂ ದನಿಯಲ್ಲೇ. ಊಟದ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ಅದು ನನಗೆ ಒಮ್ಮೊಮ್ಮೆ ತಲೆನೋವೂ ಆಗುತ್ತಿತ್ತು.

"ಕಾಕು, ನಿಮ್ಮ ಬಾಯಿಗಿ ಒಂದಿನಾನೂ ಸೂಟಿ ಇಲ್ಲೇನ್ರಿ?" ಎಂದು ಕಾಡಿಸುತ್ತಿದ್ದೆ.

"ಸೂಟಿ ಕೊಟ್ರ ನಿಮಗ ಬುದ್ಧಿ ಹೇಳಾವ್ರು ಯಾರವಾ?" ಎಂದು ನಗುತ್ತಿದ್ದರು.

ಒಂದು ದಿನ ಕಾಕು ಗಂಟಲು ಕಟ್ಟಿದೆ ಅಂದರು. ಥಂಡಿಗೆ ಇರಬೇಕು ಎಂದು ಕಷಾಯ ಕುಡಿದರು. ಕಟ್ಟಿದ ಗಂಟಲು ಬಿಡಲಿಲ್ಲ. ಕಾಕಾ ಸೊಲ್ಲಾಪುರಕ್ಕೆ ಕರೆದುಕೊಂಡು ಹೋದರು. ಗಡ್ಡೆ ಇದೆ, ಆಪರೇಶನ್ ಮಾಡಬೇಕು, ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ. ಆ ದಿನ ಬಾಗಿಲು ಹಾಕಿಕೊಂಡಿದ್ದ ಕಾಕು ಮರುದಿನ ಮಧ್ಯಾಹ್ನ ಫೋನ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಕಣ್ಣು ಊದಿದ್ದವು. ಮಾತು ಮಾತ್ರ ಎಂದಿನಂತೆಯೇ ಇತ್ತು.

"ಬ್ಯಾಸಗಿ ಮುಗಿಯೂದ್ರಾಗ ವರ್ಷದ ಉಪ್ಪಿನಕಾಯಿ ಹಾಕಿ ಇಡತೀವಿಲ್ಲ? ಹಂಗ ಮಾತೂ ತುಂಬಿ ಇಟ್ಟಬಿಡೂಣು. ಬಾ, ಕಲಿಸು" ಎಂದರು.

ಸಪ್ಪಳ ಸೇರಬಾರದೆಂದು ಫ್ಯಾನ್ ಬಂದ್ ಮಾಡಿ, ಬೆವರುತ್ತ ಇಬ್ಬರೂ ಅವರ ಅಡುಗೆಮನೆಯಲ್ಲಿ ಕೂತೆವು. ಒಂದೊಂದೇ ಮಾತು ಆಡಿ ತಮ್ಮ ನಂಬರಿಗೆ ತಾವೇ ಕಳಿಸಿಕೊಂಡರು. ಬೇಗ ಸಿಗಲಿ ಎಂದು ಪ್ರತಿ ಮಾತಿಗೂ ನಾನು ಒಂದು ಚಿತ್ರ ಹಚ್ಚಿದೆ. ಹಾಲಿನ ಚಿತ್ರ ಒತ್ತಿದರೆ "ಇವತ್ತ ಅರ್ಧಾ ಲೀಟರ್ ಸಾಕಪಾ". ತಟ್ಟೆಯ ಚಿತ್ರಕ್ಕೆ "ಉಂಡ ಹೋಗ್ರಿ, ಹಂಗ ಹೋಗಬ್ಯಾಡ್ರಿ". ಕಪ್ಪಿನ ಚಿತ್ರಕ್ಕೆ "ಬರ್ರಿ, ಕುಂದರ್ರಿ, ಚಹಾ ಇಡತೇನಿ" ಎನ್ನುವಾಗ ಕುಕ್ಕರ್ ಸೀಟಿ ಹೊಡೆಯಿತು. ಅಳಿಸಿ ಮತ್ತೆ ಹೇಳಿರಿ ಎಂದೆ. ಇರಲಿ ಬಿಡು, ಮನೆಯಲ್ಲಿ ಅಡುಗೆ ಆಗಿದೆ ಅಂತ ಗೊತ್ತಾಗುತ್ತದೆ ಎಂದರು. ಇಬ್ಬರೂ ನಕ್ಕೆವು.

ಎಲ್ಲ ಆದ ಮೇಲೆ ನಾನು ಹೇಳಿದೆ: "ಕಾಕು, ನೋವು ಆಗಾಕತ್ತೈತಿ ಅಂತ ಒಂದ ಮಾತು ಹೇಳಿ ಇಡ್ರಿ. ಬೇಕಾಗತೈತಿ."

ಅವರು ಫೋನಿನ ಮೇಲೆ ಅಂಗೈ ಮುಚ್ಚಿಬಿಟ್ಟರು.

"ಹುಚ್ಚಿ ಅದಿ ನೀ. ಅಂಥಾ ಮಾತು ಮನ್ಯಾಗ ತುಂಬಿ ಇಡತಾರೇನು? ಅಸ್ತು ಅನ್ನೂ ದೇವತಿಗೊಳು ಓಡ್ಯಾಡತಿರತಾವ. ಬಾಯಿಲೆ ಅಂದದ್ದು ಗಾಳಿಗಿ ಹೋಗತೈತಿ. ತುಂಬಿ ಇಟ್ಟದ್ದು ಹಗಲೂ ರಾತ್ರಿ ಇದರಾಗ ಕುಂತಿರತೈತಿ."

ಮನೆಯಲ್ಲಿ ಅಶುಭ ಆಡಬಾರದು ಎನ್ನುವುದನ್ನು ನಾನೂ ಕೇಳಿ ಬೆಳೆದವಳೇ. ನೋವಿನ ಮಾತನ್ನು ಕೈಬಿಟ್ಟೆ. ಅದರ ಬದಲಿಗೆ ಕಾಕು ಹೂವಿನ ಚಿತ್ರ ಹಚ್ಚಿಸಿ, ದನಿಯೇರಿಸಿ, ನಗುನಗುತ್ತ ಒಂದು ಮಾತು ತುಂಬಿದರು: "ನಾ ಆರಾಮ ಅದೀನ್ರಿ! ನೀವು ಹೆಂಗದೀರಿ?"

ಆಪರೇಶನ್ ಆಗಿ ಬಂದ ಮೇಲೆ ಕುತ್ತಿಗೆಗೆ ಸೆರಗು ಸುತ್ತಿಕೊಂಡು ಓಡಾಡತೊಡಗಿದರು. ಅಡುಗೆಮನೆಯ ಕಟ್ಟೆಯ ಮೇಲೆ ಚರಿಗೆ, ಚರಿಗೆಯಲ್ಲಿ ಫೋನು. ಹಾಲಿನವನು ಕೂಗಿದರೆ ಒಳಗಿನಿಂದ ಕಾಕುವಿನ ದನಿ ಬಾಗಿಲವರೆಗೆ ಬರುತ್ತಿತ್ತು. ಚಹಾಕ್ಕೆ ಕರೆದಾಗಲೆಲ್ಲ ಆ ದಿನದ ಸೀಟಿಯೂ ಬರುತ್ತಿತ್ತು. ಬಂದವರು ನಗುತ್ತಿದ್ದರು, ಕಾಕುವೂ ಸಪ್ಪಳವಿಲ್ಲದೆ ನಗುತ್ತಿದ್ದರು. ಮಾತು ಹೋದ ಮನೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ದಿನಾ ಬೆಳಗ್ಗೆ ಮಗಳಿಗೆ ಹೂವಿನ ಮಾತು ಕಳಿಸುತ್ತಿದ್ದರು. ಅವಳು ಅದನ್ನು ಕೇಳಿ ಸಮಾಧಾನದಿಂದ ಕೆಲಸಕ್ಕೆ ಹತ್ತುತ್ತಿದ್ದಳು.

ಮೋಸವಾದದ್ದು ಅಲ್ಲಿಯೇ. ಮನುಷ್ಯರ ದನಿ ಸ್ವಲ್ಪ ಕುಗ್ಗಿದರೂ ಸಾಕು, ಯಾಕೆ ಇವತ್ತು ಹೀಗಿದ್ದೀರಿ ಎಂದು ಕೇಳುತ್ತೇವೆ. ಕಾಕುವಿನ ಮೈ ಇಳಿಯುತ್ತಿತ್ತು, ಮುಖ ಕಪ್ಪಿಡುತ್ತಿತ್ತು, ಚರಿಗೆಯೊಳಗಿನ ದನಿ ಮಾತ್ರ ಒಂದಿಷ್ಟೂ ಕುಗ್ಗುತ್ತಿರಲಿಲ್ಲ. ಅದೇ ಹುರುಪು, ಅದೇ ನಗು. ಮುದ್ದೇಬಿಹಾಳದಲ್ಲಿದ್ದ ಮಗಳಿಗೆ ಕೇಳುತ್ತಿದ್ದದ್ದು ಆ ದನಿಯೊಂದೇ. ಪಕ್ಕದಲ್ಲೇ ಇದ್ದ ಕಾಕಾ ಕೇಳಿದರೂ ಅದೇ ಉತ್ತರ. ಕಾಕುವಿಗೆ ಬರೆಯಲು ಬರುತ್ತಿತ್ತು. ನೋವು ಎಂದು ಎರಡಕ್ಷರ ಬರೆದು ತೋರಿಸಬಹುದಿತ್ತು. ಬರೆಯಲಿಲ್ಲ. ಆಡಬಾರದ್ದನ್ನು ಬರೆಯಲೂಬಾರದು ಎಂದುಕೊಂಡಿದ್ದರೋ ಏನೋ... ಆ ದೇವತೆಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಒಂದು ಮಧ್ಯಾಹ್ನ ಹೋದಾಗ ಗೋಡೆಗೆ ಆತುಕೊಂಡು ಕೂತಿದ್ದರು. ಬೆವರಿದ್ದರು. ಮುಷ್ಟಿ ಬಿಗಿಯಾಗಿತ್ತು. ಪಕ್ಕದಲ್ಲಿ ಕೂತು, "ಕಾಕು, ಭಾಳ ತ್ರಾಸ ಆಗಾಕತ್ತೈತೇನ್ರಿ?" ಎಂದು ಕೇಳಿದೆ.

ಚರಿಗೆಗೆ ಕೈ ಹಾಕಿ ಫೋನ್ ತೆಗೆದರು. ಹೂವು ಒತ್ತುತ್ತಾರೆ ಅಂದುಕೊಂಡೆ. ಒತ್ತಲಿಲ್ಲ. ಬೆರಳಿನಿಂದ ಮೇಲೆ ಸರಿಸಿದರು, ಕೆಳಗೆ ಸರಿಸಿದರು. ಹಾಲು ಬಂತು, ತಟ್ಟೆ ಬಂತು, ಕಪ್ಪು ಬಂತು. ಮತ್ತೆ ಮೇಲಿನಿಂದ ನೋಡುತ್ತ ಬಂದರು. ಬಂದವರಿಗೆ ಉಪಚಾರ ಮಾಡುವ ಮಾತು ಎಲ್ಲವೂ ಅದರಲ್ಲಿತ್ತು. ತಮಗಾಗಿ ಕೇಳಿಕೊಳ್ಳುವ ಮಾತು ಒಂದೂ ಇರಲಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟು ನನ್ನ ಮುಖ ನೋಡಿದರು. ಅದು ಎಂಥ ನೋಟ ಎಂದು ನನಗೆ ಹೇಳಲು ಬರುವುದಿಲ್ಲ. ಅವರನ್ನು ತಬ್ಬಿಕೊಂಡು ಅತ್ತೆ.

ಮತ್ತೆ ಸೊಲ್ಲಾಪುರಕ್ಕೆ ಒಯ್ದರು. ರೋಗ ಮೈತುಂಬ ಹರಡಿತ್ತು. ಕಾಕು ತಿರುಗಿ ಬರಲಿಲ್ಲ.

ಈಗ ಓಣಿಯ ಗುಂಪಿನಲ್ಲಿ ಬೆಳಗಿನ ಹೊತ್ತು ಯಾರೂ ಮಾತಾಡುವುದಿಲ್ಲ. ನನ್ನ ಜೋಳದ ಡಬ್ಬಿಯಲ್ಲಿ ಒಣಗಿದ ಬೇವಿನ ಎಲೆ ಇದೆ, ಕರೆಂಟ್ ಹೋದಾಗ ಬಾಟಲಿಯ ಬೆಳಕೂ ಇದೆ. ಹೇಳಿಕೊಟ್ಟವರು ಇಲ್ಲ. ಹೊತ್ತಿದ ಆ ರೊಟ್ಟಿಯನ್ನು ಬದಿಗಿಟ್ಟು, ಬೇರೆ ರೊಟ್ಟಿ ಮಾಡಿಕೊಂಡು ಎದುರುಮನೆಗೆ ಹೋದೆ. ಕಾಕಾ ಒಬ್ಬರೇ ಪಡಸಾಲೆಯಲ್ಲಿ ಕೂತಿದ್ದರು. ಬಾಯಿಗೆ ಬಂದ ರೂಢಿಯ ಮಾತನ್ನೇ ಕೇಳಿದೆ.

"ಕಾಕಾ, ಆರಾಮ ಅದೀರಿಲ್ರಿ?"

ಅವರು ಚರಿಗೆ ಇರುತ್ತಿದ್ದ ಅಡುಗೆಮನೆಯ ಕಟ್ಟೆಯ ಕಡೆ ಒಮ್ಮೆ ನೋಡಿದರು.

"ಇಲ್ಲವಾ" ಎಂದರು, ಮನೆಯೆಲ್ಲ ಕೇಳುವ ಹಾಗೆ. "ಆರಾಮ ಇಲ್ಲ. ಒಟ್ಟ ಆರಾಮ ಇಲ್ಲ."

ಆ ಮನೆಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ರೊಟ್ಟಿಯ ಬುಟ್ಟಿ ಕೆಳಗಿಟ್ಟು ಒಳಗೆ ಹೋದೆ, ಇಬ್ಬರಿಗೂ ಚಹಾ ಇಟ್ಟೆ.